ಕುಶಿರೋಗೆ ಹೊರಡುವ ಮೊದಲು

ನಮ್ಮವರು ಹಳೆಯ ಟ್ರಾಲರ್ ಒಂದನ್ನು ಕೊಂಡು ಜಪಾನಿನ ಉತ್ತರ ತುದಿಯವರೆಗೆ ಹೋಗೋಣ ಎಂದಾಗ ನಾನು ಒಂದೇ ಮಾತಿಗೆ ಒಪ್ಪಿದೆ. ಈ ಮುದುಕ ಮುದುಕಿಗೆ ಅರಳುಮರಳು ಎಂದು ಕಂಡವರು ಅಂದುಕೊಂಡಿರಬೇಕು. ಒಪ್ಪಿದ್ದಕ್ಕೆ ನನ್ನ ಕಾರಣ ಬೇರೆಯೇ ಇತ್ತು. ಇಪ್ಪತ್ತೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ತಪ್ಪನ್ನು ಅದಕ್ಕೂ ಕೆಲವು ತಿಂಗಳ ಮೊದಲು ಇವರೆದುರು ಹೇಳಿಕೊಂಡಿದ್ದೆ. ಇವರು "ಹೋಗ್ಲಿ ಬಿಡು" ಎಂದಿದ್ದರು. ಅಷ್ಟು ದೊಡ್ಡ ಮನಸ್ಸಿನ ಮನುಷ್ಯ ಕರೆದರೆ ಜಪಾನೇನು, ಪಾತಾಳಕ್ಕೂ ಹೋಗಬಹುದು ಎನ್ನಿಸಿತ್ತು.

ತಪ್ಪೇನೆಂದು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಸಾಕಾಗಿದೆ.

ತೊಂಬತ್ತೇಳರ ಜನವರಿ. ಇವರು, ಅಂದರೆ ಸದಾಶಿವ, ಒಂದು ಸರಕು ಹಡಗಿನಲ್ಲಿ ಸೆಕೆಂಡ್ ಇಂಜಿನಿಯರ್. ಹಡಗು ಜಪಾನಿನ ಉತ್ತರದ ಕುಶಿರೋ ಎಂಬ ಬಂದರಿನಲ್ಲಿತ್ತು. ನಾನು ಗಂಗೊಳ್ಳಿಯಲ್ಲಿ ಇವರ ಅಮ್ಮನ ಜೊತೆ, ಎರಡು ವರ್ಷದ ಮಗಳು ನವ್ಯಾಳನ್ನು ಕಟ್ಟಿಕೊಂಡು ಇದ್ದೆ. ಅತ್ತೆಗೆ ಮೂತ್ರಪಿಂಡ ಕೈಕೊಟ್ಟಿತ್ತು. ನಾನು ನರ್ಸಿಂಗ್ ಕಲಿಸುವವಳು; ಇನ್ನೆಷ್ಟು ದಿನ ಎಂಬ ಅಂದಾಜು ನನಗಿತ್ತು. ಸುದ್ದಿ ತಿಳಿದ ಹಡಗು ಕಂಪನಿಯ ಮುಂಬಯಿ ಆಫೀಸಿನವರು ಫೋನ್ ಮಾಡಿ, "ಬೇಕಾದರೆ ಕುಶಿರೋದಲ್ಲೇ ಇಳಿಸಿ ವಿಮಾನ ಹತ್ತಿಸುತ್ತೇವೆ, ಏನು ಮಾಡೋಣ?" ಎಂದು ಕೇಳಿದರು. "ಅಷ್ಟು ಗಂಭೀರವೇನಿಲ್ಲ. ಇವರಿಗೆ ಹೇಳಲೂಬೇಡಿ, ಸುಮ್ಮನೆ ಗಾಬರಿಯಾಗುತ್ತಾರೆ" ಎಂದೆ. ಇನ್ನು ನಲವತ್ತು ದಿನ ಹಡಗಿನಲ್ಲಿದ್ದರೆ ಚೀಫ್ ಇಂಜಿನಿಯರ್ ಪರೀಕ್ಷೆಗೆ ಬೇಕಾದ ಸಮುದ್ರದ ಅವಧಿ ಪೂರ್ತಿಯಾಗುತ್ತಿತ್ತು. ಬೇಗ ಚೀಫ್ ಆದರೆ ಬೇಗ ದಡದ ಕೆಲಸ, ಬೇಗ ಒಟ್ಟಿಗೆ ಸಂಸಾರ. ಇದು ನನ್ನ ಲೆಕ್ಕಾಚಾರ. ಅತ್ತೆ ಹನ್ನೊಂದನೆಯ ದಿನ ಹೋದರು. ಹೋಗುವವರೆಗೂ "ಸದಾ ಹೊರಟ್ನಾ?" ಎಂದು ಕೇಳಿದರು. ನಾನು "ದಾರಿಯಲ್ಲಿದ್ದಾರೆ" ಎನ್ನುತ್ತಿದ್ದೆ.

ಆ ಹಡಗಿನ ಕ್ಯಾಪ್ಟನ್ ಹೊನ್ನಾವರದ ಸುಬ್ರಾಯ ಹೆಗಡೆ. ಇವರಿಗೆ ಅಣ್ಣನಂಥ ಸ್ನೇಹಿತ. ಆಫೀಸಿನವರು ಆತನಿಗೆ ಮೊದಲು ಸುದ್ದಿ ಕೊಟ್ಟಿದ್ದರು. ಆಮೇಲೆ "ಮನೆಯವರು ಬೇಡ ಅಂದಿದ್ದಾರೆ, ಹೇಳಬೇಡಿ" ಎಂದೂ ತಿಳಿಸಿದ್ದರು. ಸುದ್ದಿ ಹಡಗಿನವರೆಗೆ ಬಂದಿತ್ತು, ಸುಬ್ರಾಯ ಅದನ್ನು ನುಂಗಿಕೊಂಡ ಎಂಬುದಷ್ಟೇ ಇವರಿಗೆ ಆಮೇಲೆ ಗೊತ್ತಾಯಿತು. ಕೆಲಸಗಾರ ಕೈಬಿಟ್ಟು ಹೋಗಬಾರದೆಂದು ಮುಚ್ಚಿಟ್ಟ ಎಂದೇ ನಂಬಿದರು. "ಒಂದೇ ತಟ್ಟೆಯಲ್ಲಿ ಉಂಡವ ಹೀಗೆ ಮಾಡಿದ" ಎಂದು ಅಂದಿನಿಂದ ಆತನ ಹೆಸರೆತ್ತಲಿಲ್ಲ. ಸುಬ್ರಾಯ ಒಂದು ಮಾತು, "ನಿನ್ನ ಹೆಂಡತಿಯೇ ಬೇಡ ಅಂದದ್ದು" ಎಂದಿದ್ದರೆ ಮುಗಿಯುತ್ತಿತ್ತು. ಆ ಪುಣ್ಯಾತ್ಮ ಎನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇನ್ನೊಬ್ಬರ ಹೆಗಲ ಮೇಲೆ ನನ್ನ ಪಾಪ ಕೂತಿತ್ತು, ನಾನು ದೀಪಾವಳಿಗೆ ಸುಬ್ರಾಯನ ಹೆಂಡತಿ ತುಳಸಿಗೆ ಶುಭಾಶಯ ಕಳಿಸಿಕೊಂಡು ಇದ್ದೆ.

ಮುಂದೆ ಇವರಿಗೆ ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ದಡದ ಕೆಲಸವೇ ಸಿಕ್ಕಿತು. ನಾನು ಇಲ್ಲಿಯ ಕಾಲೇಜೊಂದರಲ್ಲಿ ನರ್ಸಿಂಗ್ ಕಲಿಸಿದೆ. ಇಬ್ಬರೂ ನಿವೃತ್ತರಾದೆವು. ಹೋದ ವರ್ಷ ಒಂದು ಸಂಜೆ ಇವರು ಬಾಲ್ಕನಿಯಲ್ಲಿ ನಿಂತು ದೂರದ ಕ್ರೇನುಗಳನ್ನು ನೋಡುತ್ತಿದ್ದರು. ನಾನು ಹಿಂದೆ ನಿಂತು ಒಣಗಿದ ಬಟ್ಟೆ ಮಡಚುತ್ತಿದ್ದೆ. ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ; ಬೆನ್ನಿಗೆ ಹೇಳಿದೆ. ಆಫೀಸಿನ ಫೋನು, ಅತ್ತೆಯ ಪ್ರಶ್ನೆ, ಸುಬ್ರಾಯ, ಎಲ್ಲ. ಇವರು ತಿರುಗದೆಯೇ "ಹೋಗ್ಲಿ ಬಿಡು" ಎಂದರು. ನಾನು ಅಡುಗೆ ಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಮನಸಾರೆ ಅತ್ತುಬಿಟ್ಟೆ. ಆಮೇಲೆ ಸುಬ್ರಾಯನಿಗೆ ಇವರೇಕೆ ಫೋನ್ ಮಾಡಲಿಲ್ಲ ಎಂಬುದೊಂದು ಒಳಗೇ ಕೊರೆಯುತ್ತಿತ್ತು. ಗಂಡಸಿನ ಬಿಗುಮಾನ, ಬಿದ್ದರೂ ಮೀಸೆ ಮಣ್ಣಾಗದ ಜಾತಿ ಎಂದು ಸಮಾಧಾನ ಮಾಡಿಕೊಂಡೆ.

ಟ್ರಾಲರ್ ಎಂದರೆ ನಮ್ಮ ಗಂಗೊಳ್ಳಿಯ ಮೀನು ಹಿಡಿಯುವ ಟ್ರಾಲ್ ಬೋಟಲ್ಲ. ಅದೇ ಮೈಕಟ್ಟು, ಆದರೆ ಒಳಗೆ ಎರಡು ಮಂಚ, ಒಂದು ಒಲೆ, ಬಲೆಯ ಬದಲು ಕುರ್ಚಿ. ನಲವತ್ತು ವರ್ಷದ ಹಳೆಯದು. ಕುಶಿರೋ ಕಡೆಯ ಒಬ್ಬ ಮುದುಕ ಅದನ್ನು ತಾನೇ ನಡೆಸಿಕೊಂಡು ಮಲೇಷ್ಯಾಕ್ಕೆ ಬಂದು ನೆಲೆಸಿದ್ದನಂತೆ. ಹೆಸರು ಚಿದೋರಿ, ಯಾವುದೋ ಕಡಲ ಹಕ್ಕಿ. ಚಳಿ ಸೀಮೆಯ ದೋಣಿಯಾದ್ದರಿಂದ ಕಿಟಕಿಗೆ ಎರಡೆರಡು ಗಾಜು, ಗೋಡೆಗೆ ಎಣ್ಣೆಯ ಹೀಟರ್. ಕ್ಲಾಂಗಿನ ಸೆಕೆಯಲ್ಲಿ ಆ ಹೀಟರಿನೊಳಗೆ ನಾನು ಈರುಳ್ಳಿ ತುಂಬಿಟ್ಟೆ. "ಹದಿನಾಲ್ಕು ಸಲ ಆ ಕರಾವಳಿಗೆ ಹೋಗಿದ್ದೇನೆ, ಒಂದು ಸಲವೂ ಸರಿಯಾಗಿ ನೋಡ್ಲಿಲ್ಲ. ಇಂಜಿನ್ ರೂಮಿಗೆ ಕಿಟಕಿ ಎಲ್ಲುಂಟು?" ಎನ್ನುತ್ತಿದ್ದರು ಇವರು. ಮಂಜು, ಹಿಮ, ದಡದ ಮೇಲಿನ ಕಪ್ಪು ಕಾಡು, ಎಲ್ಲ ಬೇರೆಯವರು ಹೇಳಿ ಕೇಳಿದ್ದಷ್ಟೇ. ಈಗ ಮೇಲೆ ನಿಂತು ನೋಡಬೇಕು. ನನಗೂ ಆ ಬಂದರನ್ನು ನೋಡಬೇಕಿತ್ತು. ಇವರು ಇಳಿಯಬಹುದಾಗಿದ್ದ, ನಾನು ಇಳಿಯಗೊಡದ ಬಂದರು. ಕ್ಷಮೆ ಸಿಕ್ಕಿದ ಮೇಲೆ ಅದನ್ನು ನೋಡಲು ಹೆದರಿಕೆ ಇರಲಿಲ್ಲ.

ನಮ್ಮಪ್ಪ ಮೀನುಗಾರ. ಆದರೂ ಹೆಣ್ಣು ಮಕ್ಕಳನ್ನು ಯಾವತ್ತೂ ದೋಣಿ ಹತ್ತಿಸಿದವರಲ್ಲ. ಮೀನು ಮಾರಲು ಹೆಣ್ಣು, ಹಿಡಿಯಲು ಗಂಡು. ಅರವತ್ತರ ಹತ್ತಿರ ಬಂದ ಮೇಲೆ ನಾನು ದೋಣಿ ನಡೆಸುವ ಪರೀಕ್ಷೆಗೆ ಓದಿದೆ. ದೀಪಗಳು, ಹಾರ್ನಿನ ಸಂಕೇತಗಳು, ಎಲ್ಲ ಬಾಯಿಪಾಠ. ಇವರಿಗಿಂತ ಒಂಬತ್ತು ಅಂಕ ಹೆಚ್ಚು ಬಂತು. ಇವರ ಪಾಂಡಿತ್ಯವೆಲ್ಲ ಇಂಜಿನ್ನಿನದು. ಮೇಲಿನ ಕೆಲಸ ಕ್ಯಾಪ್ಟನ್ನರದು ಎಂದು ಮೂವತ್ತಾರು ವರ್ಷ ತಲೆ ಹಾಕಿದವರಲ್ಲ.

ಮೊದಲ ಅಭ್ಯಾಸದ ಯಾನ ಕ್ಲಾಂಗಿನಿಂದ ಉತ್ತರಕ್ಕೆ, ಪಾಂಗ್ಕೋರ್ ದ್ವೀಪದವರೆಗೆ. ಅಲ್ಲಿ ತಂಗಿ ಮರುದಿನ ಪೆನಾಂಗ್. ನವ್ಯಾ ಈಗ ಅಲ್ಲಿಯ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ಮಾತಿನ ಕೊನೆಗೆ ಇಲ್ಲಿಯವರ ಹಾಗೆ "ಲಾ" ಸೇರಿಸುವ ಹುಡುಗಿ, ಹೊರಡುವ ಹಿಂದಿನ ದಿನ ಫೋನ್ ಮಾಡಿದಳು.

"ಅಮ್ಮಾ, ದಿಸ್ ಈಸ್ ಕ್ರೇಜಿ ಲಾ. ಸೆಪ್ಟೆಂಬರ್‌ನಲ್ಲಿ ಹೇಜ್ ಎಷ್ಟಿರುತ್ತೆ ಗೊತ್ತಾ? ಆ್ಯಂಡ್ ವೈ ಡಸಂಟ್ ಅಪ್ಪಾ ಪಿಕ್ ಅಪ್ ಹಿಸ್ ಫೋನ್? ಹಿ ಓನ್ಲಿ ಟೆಕ್ಸ್ಟ್ಸ್."

"ನಿಮ್ಮಪ್ಪನಿಗೆ ಇಂಜಿನ್ ಒಂದೇ ಸಂಸಾರ. ಫೋನು ಎಲ್ಲಿ ಬಿಸಾಡಿರ್ತಾರೋ" ಎಂದೆ.

ಸುಮಾತ್ರಾದಲ್ಲಿ ಕಾಡು ಸುಟ್ಟ ಹೊಗೆ ಸಮುದ್ರ ದಾಟಿ ಬಂದು ಇಲ್ಲಿ ವಾರಗಟ್ಟಲೆ ಕೂರುತ್ತದೆ. ಅದೇ ಹೇಜ್. ಬೆಳಿಗ್ಗೆ ಐದೂವರೆಗೆ ನಾವು ಹೊರಟಾಗ ತೆಳ್ಳಗಿತ್ತು. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ತಪಾವ್ ಮಾಡಿಸಿಕೊಂಡು, ಅಂದರೆ ಕಟ್ಟಿಸಿಕೊಂಡು, ತಂದಿದ್ದ ನಾಸಿ ಲೆಮಾಕ್, ತೆಂಗಿನ ಹಾಲಿನ ಅನ್ನ, ತಿಂದೆವು. ಇವರು ಒಂದು ಕೈಯಲ್ಲಿ ಚುಕ್ಕಾಣಿಯ ಚಕ್ರ ಹಿಡಿದು, ಇನ್ನೊಂದು ಅಂಗೈಯನ್ನು ಮರದ ಗೋಡೆಗೆ ಒತ್ತಿ ನಿಂತಿದ್ದರು. ಮಗುವಿನ ಎದೆ ಮುಟ್ಟಿ ನೋಡುವ ಹಾಗೆ ಆಗಾಗ ಹಾಗೆ ಮಾಡುತ್ತಿದ್ದರು. ದೋಣಿಯ ಮೇಲೆ ಎಷ್ಟು ಪ್ರೀತಿ ಎಂದು ನಾನು ನಗುತ್ತಿದ್ದೆ. ಸಾವಿರಾರು ಹುಡುಗಿಯರಿಗೆ ರೋಗಿಯನ್ನು ಗಮನಿಸುವುದು ಹೇಗೆಂದು ಕಲಿಸಿದವಳು ನಾನು, ಮನೆಯವರ ಕೈಯನ್ನು ಗಮನಿಸಲಿಲ್ಲ.

ಹನ್ನೊಂದು ಗಂಟೆಗೆ ಹೊಗೆ ದಟ್ಟವಾಯಿತು. ಸೂರ್ಯ ಕಿತ್ತಳೆ ಹಣ್ಣಿನಷ್ಟಾಗಿ ಆಮೇಲೆ ಕಾಣದೇ ಹೋದ. ದೋಣಿಯ ಮೂತಿಯಾಚೆ ನೂರು ಮಾರು ಸಮುದ್ರ, ಅಷ್ಟೇ. ಪುಸ್ತಕದಲ್ಲಿದ್ದ ಹಾಗೆ ವೇಗ ತಗ್ಗಿಸಿದೆವು. ರೇಡಾರಿನಲ್ಲಿ ಎರಡು ಚುಕ್ಕಿ ಕಂಡವು.

"ಎರಡು ಬೋಟ್ ಉಂಟು," ಎಂದರು ಇವರು. "ನಡುವೆ ಬೇಕಾದಷ್ಟು ಜಾಗ ಉಂಟು. ನಡುವಿಂದ ಹೋಗುವ. ನೀನು ಮುಂದೆ ಹೋಗಿ ನಿಲ್ಲು, ಎಂತಾದ್ರೂ ಕಂಡ್ರೆ ಹೇಳು."

ನಾನು ಮೂತಿಗೆ ಹೋಗಿ ಕಂಬಿ ಹಿಡಿದು ನಿಂತೆ. ಹೊಗೆ ಗಂಟಲಿಗೆ ಹತ್ತುತ್ತಿತ್ತು. ಆಗ ಎಡಗಡೆಯಿಂದ ಹಾರ್ನ್ ಕೇಳಿಸಿತು. ಒಂದು ಉದ್ದ, ಎರಡು ಗಿಡ್ಡ. ಎರಡು ನಿಮಿಷ ಬಿಟ್ಟು ಮತ್ತೆ ಒಂದು ಉದ್ದ, ಎರಡು ಗಿಡ್ಡ. ಮಂಜಿನಲ್ಲಿ ಹಾಗೆ ಕೂಗುವವರಲ್ಲಿ ಏನನ್ನಾದರೂ ಎಳೆದುಕೊಂಡು ಹೋಗುವವನೂ ಒಬ್ಬ. ಚುಕ್ಕಿ ಎರಡಾದರೂ ಅವು ಎರಡು ಬೋಟಲ್ಲ. ಮುಂದಿನದು ಎಳೆಯುವ ಟಗ್ಗು, ಹಿಂದಿನದು ಮರಳು ತುಂಬಿದ, ಇಂಜಿನ್ ಇಲ್ಲದ ಬಾರ್ಜು. ನಡುವೆ ಇರುವುದು ಜಾಗವಲ್ಲ, ಉಕ್ಕಿನ ಹಗ್ಗ. ಅದಕ್ಕೆ ಸಿಕ್ಕಿದ ದೋಣಿ ಮಗುಚುತ್ತದೆ. ಆಮೇಲೆ ಬಾರ್ಜು ಅದರ ಮೇಲೆ ಹಾದುಹೋಗುತ್ತದೆ.

"ನಡುವೆ ಹೋಗ್ಬೇಡಿ! ಹಗ್ಗ ಉಂಟು! ನಿಲ್ಸಿ!" ಎಂದು ಕೂಗಿದೆ. ಮೀನು ಮಾರಿದವರ ಮನೆಯ ಗಂಟಲು ನನ್ನದು. ಕಿಟಕಿ ತೆರೆದಿತ್ತು. ನಮ್ಮ ನಡುವೆ ಹದಿನೈದು ಅಡಿ ಇರಬಹುದು.

ಇವರು ಗಾಜಿನ ಹಿಂದಿನಿಂದ ನನ್ನನ್ನು ನೋಡಿ ಕೈಯೆತ್ತಿದರು. "ಆಯ್ತು, ಆಯ್ತು" ಎಂದು ಬಾಯಿ ಆಡಿತು. ದೋಣಿ ಹಾಗೇ ಮುಂದೆ ಹೋಯಿತು.

ಓಡಿದೆ. ಮೊಣಕಾಲು ತರಚಿದ್ದು ಆಮೇಲೆ ಗೊತ್ತಾಯಿತು. ಒಳಗೆ ನುಗ್ಗಿ ಇವರ ಕೈಯನ್ನು ತಳ್ಳಿ ಗೇರಿನ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದೆ. ಇಂಜಿನ್ ನರಳಿತು, ಹಿಂದೆ ನೀರು ಕುದಿಯಿತು, ಗ್ಲಾಸುಗಳು ಕೆಳಗೆ ಬಿದ್ದವು.

"ಹುಚ್ಚಾ ನಿಂಗೆ?" ಎಂದರು.

ನಾನು ಕೈ ತೋರಿಸಿದೆ. ನಮ್ಮ ಮೂತಿಯ ಎದುರು, ನಾಲ್ಕು ದೋಣಿ ಉದ್ದದಷ್ಟು ದೂರದಲ್ಲಿ, ಕಪ್ಪು ಹಗ್ಗವೊಂದು ನೀರಿನಿಂದ ಮೇಲೆದ್ದು, ಬಿಗಿಯಾಗಿ, ಉದ್ದಕ್ಕೂ ನೀರು ಸುರಿಸುತ್ತ ನಿಂತು, ಮತ್ತೆ ಮುಳುಗಿತು. ಸ್ವಲ್ಪ ಹೊತ್ತಿಗೆ ಹೊಗೆಯೊಳಗಿಂದ ಬಾರ್ಜಿನ ಗೋಡೆ ಬಂತು. ಪಕ್ಕಕ್ಕೆ ಟೈರು ಕಟ್ಟಿದ್ದರು. ಅದರ ಮೇಲೆ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಹಾದು ಹೋಗಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಟಗ್ಗು ಮತ್ತೆ ಹಾರ್ನ್ ಹೊಡೆಯಿತು. ನಾನು ಬೆಚ್ಚಿ ಆ ಕಡೆ ತಿರುಗಿದೆ. ಇವರು ತಿರುಗಲಿಲ್ಲ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಹಾರ್ನ್ ಕೇಳಿತಾ?" ಎಂದೆ. ಇವರು ನನ್ನ ಬಾಯಿ ನೋಡಿ, "ಕೇಳಿತು ಮಾರಾಯ್ತಿ" ಎಂದರು.

"ಎಷ್ಟು ಉದ್ದ? ಎಷ್ಟು ಗಿಡ್ಡ?"

ಇವರು ಚಕ್ರದಿಂದ ಕೈ ತೆಗೆದರು. ಕೆಳಗೆ ಇಂಜಿನ್ನಿನ ಹತ್ತಿರ ಇಳಿದು ಹೋದರು. ಪಾಂಗ್ಕೋರಿನವರೆಗೆ ದೋಣಿ ನಡೆಸಿದವಳು ನಾನು.

ಸಂಜೆ ಐದೂವರೆಗೆ ದ್ವೀಪದ ಮರೆಯಲ್ಲಿ ಲಂಗರು ಹಾಕಿ ಇಂಜಿನ್ ನಿಲ್ಲಿಸಿದೆವು. ಹೊಗೆ ಸ್ವಲ್ಪ ತಿಳಿಯಾಗಿ ದಡದ ಮೀನು ಒಣಗಿಸುವ ಚಪ್ಪರಗಳು ಕಾಣುತ್ತಿದ್ದವು. ಇವರು ಮೇಲೆ ಬಂದು ಕೂತರು. ಒರೆಸಿದಷ್ಟೂ ಕೈಗೆ ಎಣ್ಣೆಯಿತ್ತು.

"ಬಲದ ಕಿವಿ ಹೋಗಿ ಐದು ವರ್ಷ ಆಯ್ತು," ಎಂದರು. "ಎಡದ್ದು ಸ್ವಲ್ಪ ಉಂಟು. ಹತ್ತಿರ ಬಂದು, ಎದುರು ನಿಂತು, ಗಟ್ಟಿ ಹೇಳಿದ್ರೆ ತಿಳೀತದೆ. ಆಗೆಲ್ಲ ಇಂಜಿನ್ನಿನ ಗಲಾಟೆಗೆ ಕಿವಿಗೆ ಬರೀ ಕಾಟನ್ ವೇಸ್ಟ್ ತುರುಕಿಕೊಂಡು ಕೆಲಸ ಮಾಡಿದ್ದಲ್ವಾ, ಅದರ ಪ್ರಸಾದ. ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸಿದ್ದೆ. ಮಷೀನ್ ಹಾಕಿ ಅಂದ್ರು."

"ಹಾಕ್ಲಿಕ್ಕೆ ಎಂತ ದಾಡಿ?" ಎದುರು ನಿಂತು ಗಟ್ಟಿಯಾಗಿ ಕೇಳಿದೆ.

"ಇಂಜಿನ್ನಿನ ಶಬ್ದ ಕೇಳಿಯೇ ರೋಗ ಹೇಳ್ತಿದ್ದ ಚೀಫ್ ನಾನು. ಕಿವಿಗೆ ಮಷೀನ್ ಸಿಕ್ಕಿಸಿಕೊಂಡು ಯಾರ ಎದುರು ನಿಲ್ಲುದು? ಇಂಜಿನ್ ಕೈಗೆ ಗೊತ್ತಾಗ್ತದೆ. ಅಷ್ಟು ಸಾಕು ಅಂದ್ಕೊಂಡೆ."

"ನಾನು ಮಾತಾಡುದು?"

"ಎಷ್ಟು ಸಲ ಎಂತ ಎಂತ ಅಂತ ಕೇಳುದು ಜಲಜಾ? ನಿನ್ನ ಮುಖ ನೋಡಿದ್ರೆ ಅಂದಾಜಾಗ್ತದೆ. ನಗ್ತಿದ್ರೆ 'ಹೌದಾ'. ಕೆಲಸ ಹೇಳಿದ ಹಾಗೆ ಕಂಡ್ರೆ 'ಆಯ್ತು'. ಬೇಜಾರಲ್ಲಿದ್ರೆ 'ಹೋಗ್ಲಿ ಬಿಡು'."

"ಮುಖ ಕಾಣದಿದ್ರೆ?" ಎಂದು ಮೆಲ್ಲಗೆ ಕೇಳಿದೆ. ಇವರಿಗೆ ತಿಳಿಯಲಿಲ್ಲ. ಗಟ್ಟಿಯಾಗಿ ಇನ್ನೊಮ್ಮೆ ಕೇಳಿದೆ.

"ಆಗ್ಲೂ 'ಹೋಗ್ಲಿ ಬಿಡು'," ಎಂದರು. "ಅದು ಎಲ್ಲದಕ್ಕೂ ಆಗ್ತದೆ."

ಹಾಗಾದರೆ ಬಾಲ್ಕನಿಯಲ್ಲಿ ನಾನು ಹೇಳಿದ್ದು ಗಾಳಿಗೆ. ವರ್ಷಗಟ್ಟಲೆ ಹೊತ್ತದ್ದನ್ನು ಒಬ್ಬ ಕಿವುಡನ ಬೆನ್ನಿಗೆ ಹೇಳಿ, ಕ್ಷಮೆ ಸಿಕ್ಕಿತೆಂದು ಅತ್ತು, ಹಗುರಾಗಿ, ಒಂದು ವರ್ಷ ಹಾಯಾಗಿ ನಿದ್ದೆ ಮಾಡಿದ್ದೆ. ಇವರಿಗೆ ಏನೂ ಗೊತ್ತಿಲ್ಲ. ಸುಬ್ರಾಯ ಈಗಲೂ ಕಳ್ಳನೇ. ಸತ್ಯ ಹೇಳುತ್ತೇನೆ, ಆಗ ನನಗೆ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ಗೊತ್ತಿಲ್ಲದಿದ್ದರೆ ಹಾಗೇ ಇರಲಿ. ದೋಣಿ ಉಂಟು, ಕಿವಿಗೆ ಮಷೀನ್ ಹಾಕಿಸಿದರಾಯಿತು, ಬರುವ ವರ್ಷ ಕುಶಿರೋ. ಮತ್ತೆ ಕೆದಕಿದರೆ ಈ ಮುದಿ ವಯಸ್ಸಿನಲ್ಲಿ ಈ ಮನುಷ್ಯನೂ ಇಲ್ಲದ ಹಾಗಾಗಬಹುದು. ಇವರ ಸಿಟ್ಟು ನನಗೆ ಗೊತ್ತು. ಸ್ನೇಹಿತನ ಮೇಲೆ ಇಪ್ಪತ್ತೆಂಟು ವರ್ಷವಾದರೂ ಆರದ ಸಿಟ್ಟು ಅದು.

ಆದರೆ ಬೆಳಿಗ್ಗೆ ಇವರು ಸುಳ್ಳು "ಆಯ್ತು" ಹೇಳಿ ನಮ್ಮಿಬ್ಬರನ್ನೂ ಮುಳುಗಿಸುವುದರಲ್ಲಿದ್ದರು. ಅದಕ್ಕೆ ನಾನು ಉರಿದುಬಿದ್ದಿದ್ದೆ. ನನ್ನ ಸುಳ್ಳು ಯಾವ ಲೆಕ್ಕದಲ್ಲಿ ಅದಕ್ಕಿಂತ ಸಣ್ಣದು?

ಇವರ ಎದುರು ಮೊಣಕಾಲೂರಿ ಕೂತೆ. ಎಣ್ಣೆಯ ಕೈಗಳನ್ನು ಹಿಡಿದುಕೊಂಡೆ. "ನನ್ನ ಬಾಯಿ ನೋಡಿ," ಎಂದೆ. ಮತ್ತೆ ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಪಕ್ಕದಲ್ಲಿ ಲಂಗರು ಹಾಕಿದ್ದ ಮಲಾಯ್ ಮೀನುಗಾರರು ಬಲೆ ಬಿಟ್ಟು ನಮ್ಮ ಕಡೆ ನೋಡಿದರು. ಗಂಡ ಹೆಂಡತಿಯ ಜಗಳ ಅಂದುಕೊಂಡಿರಬೇಕು. "ಆಫೀಸಿನವರು ಕೇಳಿದ್ರು. ಬೇಡ ಅಂದದ್ದು ನಾನು. ಅಮ್ಮ ಉಳಿಯುದಿಲ್ಲ ಅಂತ ಗೊತ್ತಿದ್ದೂ ಬೇಡ ಅಂದೆ. ಸುಬ್ರಾಯಣ್ಣನದ್ದು ತಪ್ಪಿಲ್ಲ."

ಇವರು ನನ್ನ ಬಾಯನ್ನೇ ನೋಡುತ್ತಿದ್ದರು. "ಇನ್ನೊಂದು ಸಲ ಹೇಳು," ಎಂದರು.

ಹೇಳಿದೆ.

"ಇನ್ನೊಂದು ಸಲ."

ಮೂರನೆಯ ಸಲಕ್ಕೆ ನನ್ನ ಸ್ವರ ಒಡೆದು ಹೋಗಿತ್ತು. ಇವರು ಕೈ ಬಿಡಿಸಿಕೊಂಡರು. "ಅಮ್ಮ ಎಂತ ಹೇಳ್ತಿದ್ಲು?" ಎಂದು ಕೇಳಿದರು. ಅದನ್ನೂ ಹೇಳಿದೆ, ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಇವರು ಎದ್ದು ದೋಣಿಯ ಹಿಂಬದಿಗೆ ಹೋಗಿ ನನಗೆ ಬೆನ್ನು ಹಾಕಿ ನಿಂತರು. ಹೆಗಲು ಅಲುಗುತ್ತಿದ್ದವು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಹತ್ತಿರ ಹೋಗುವ ಹಕ್ಕು ನನಗಿದೆ ಎನ್ನಿಸಲಿಲ್ಲ. ಅನ್ನಕ್ಕಿಟ್ಟೆ. ಬೆಂದ ಅನ್ನವನ್ನು ಇಬ್ಬರೂ ಮುಟ್ಟಲಿಲ್ಲ.

ಬೆಳಕು ಆರುವ ಮೊದಲು ಇವರು ಒಳಗೆ ಬಂದರು. ಕಣ್ಣು ಕೆಂಪಾಗಿತ್ತು.

"ಸಿಟ್ಟುಂಟು," ಎಂದರು. "ನಾಳೆಯೂ ಇರ್ತದೆ. ಯಾವಾಗ ಹೋಗ್ತದೆ ಅಂತ ನಂಗೆ ಗೊತ್ತಿಲ್ಲ. ಸುಬ್ರಾಯ ಇದ್ದಾನಾ?"

"ಇದ್ದಾರೆ. ಎಪ್ಪತ್ತಾರು."

"ಫೋನ್ ಮಾಡು. ನಂಗೆ ಫೋನಲ್ಲಿ ಒಂದಕ್ಷರ ಕೇಳುದಿಲ್ಲ. ನೀನೇ ಮಾತಾಡ್ಬೇಕು. ಅವ ಹೇಳಿದ್ದನ್ನು ನಂಗೆ ಹೇಳ್ಬೇಕು. ಇದ್ದದ್ದು ಇದ್ದ ಹಾಗೆ. ಬೈದ್ರೆ ಬೈಗುಳವನ್ನೂ ಹೇಳು. ಒಂದು ಮಾತು ಸೇರಿಸ್ಬೇಡ, ಒಂದು ಮಾತು ನುಂಗ್ಬೇಡ."

ತುಳಸಿಯ ನಂಬರಿಗೆ ಹಚ್ಚಿದೆ. ಹೊನ್ನಾವರದಲ್ಲಿ ಆಗ ಮಧ್ಯಾಹ್ನದ ಚಹಾದ ಹೊತ್ತು. ತುಳಸಿ ಎತ್ತಿದಳು. ಗಾಬರಿಯಿಂದ ಗಂಡನ ಕೈಗೆ ಕೊಟ್ಟಳು. ಇವರು ನನ್ನೆದುರು ಒಂದು ಗೇಣು ದೂರದಲ್ಲಿ ಕೂತು ನನ್ನ ತುಟಿಗಳ ಮೇಲೆ ಕಣ್ಣು ನೆಟ್ಟಿದ್ದರು.

"ಸುಬ್ರಾಯಣ್ಣ, ನಾನು ಜಲಜಾ. ಇವರು ಇಲ್ಲೇ ಎದುರಿಗೆ ಕೂತಿದ್ದಾರೆ," ಎಂದೆ.

ಆ ಕಡೆಯಿಂದ ಮುದಿ ಸ್ವರವೊಂದು ಮೆಲ್ಲಗೆ ಕೇಳಿತು. ಇವರು ಕಾಯುತ್ತಿದ್ದರು. ನಾನು ಫೋನನ್ನು ಕಿವಿಯಿಂದ ತೆಗೆದು, ಇವರ ಮುಖಕ್ಕೆ ಮುಖ ಕೊಟ್ಟು, ಒಂದಕ್ಷರ ಬಿಡದೆ ಗಟ್ಟಿಯಾಗಿ ಹೇಳಿದೆ:

"'ಅಂತೂ ಹೇಳಿದ್ಯಾ ತಂಗಿ?' ಅಂತ ಕೇಳ್ತಿದ್ದಾರೆ."